ರೂಪಾಯಿ-ರೂಬಲ್ ವ್ಯಾಪಾರ: ಡಾಲರ್ ಉಳಿಯಿತು, ಕೈಗೆ ಬಂದದ್ದೇನು?

ಪ್ರಶ್ನೆ: ಸೋವಿಯತ್ ಒಕ್ಕೂಟದ ಜೊತೆ ಡಾಲರ್ ಹಂಗಿಲ್ಲದೆ ರೂಪಾಯಿಯಲ್ಲೇ ವ್ಯಾಪಾರ ಮಾಡುತ್ತಿದ್ದೆವು. ಅದೇ ಪದ್ಧತಿ ಮತ್ತೆ ಯಾಕೆ ತರಬಾರದು?

ಉತ್ತರ: ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ. ಡಾಲರ್ ಉಳಿಯಿತು ಅಂತ ಎಲ್ಲರೂ ಹೇಳುತ್ತಾರೆ. ಬದಲಿಗೆ ಏನು ಬಂತು ಅಂತ ಯಾರೂ ಕೇಳುವುದಿಲ್ಲ.

ನಮ್ಮ ಕಾಫಿಯನ್ನೇ ತಗೊಳ್ಳಿ. ಆಗ ಬೆಳೆಗಾರ ಕಾಫಿಯನ್ನು ಸರ್ಕಾರದ ಕಾಫಿ ಮಂಡಳಿಯ ಪೂಲ್‌ಗೇ, ಅಂದರೆ ಎಲ್ಲರ ಕಾಫಿ ಒಟ್ಟುಗೂಡುವ ದಾಸ್ತಾನಿಗೇ ಕೊಡಬೇಕಿತ್ತು. ರಫ್ತುದಾರ ಅದನ್ನು ಹರಾಜಿನಲ್ಲಿ ಹಿಡಿಯುತ್ತಿದ್ದ. ಮಾಸ್ಕೋದಲ್ಲಿ ಕೊಳ್ಳುತ್ತಿದ್ದದ್ದು ಸರ್ಕಾರಿ ಸಂಸ್ಥೆ. ಯಾವ ಸರಕು ಎಷ್ಟು ಅನ್ನೋದು ಎರಡು ಸರ್ಕಾರಗಳ ವರ್ಷದ ಪಟ್ಟಿಯಲ್ಲೇ ಇರುತ್ತಿತ್ತು. ಮೂಟೆ ಹಡಗು ಹತ್ತಿದ ಮೇಲೆ ರಫ್ತುದಾರನ ಖಾತೆಗೆ ರೂಪಾಯಿ ಬೀಳುತ್ತಿತ್ತು. ಎಲ್ಲಿಂದ? ಭಾರತದಲ್ಲೇ ಇದ್ದ ಸೋವಿಯತ್ ಬ್ಯಾಂಕಿನ ಖಾತೆಯಿಂದ. ಅವರ ತೈಲ, ಯಂತ್ರಗಳಿಗೆ ನಾವು ಕೊಟ್ಟ ಹಣ, ಹಳೇ ಸಾಲದ ಕಂತು ಎಲ್ಲಾ ಅಲ್ಲಿಗೇ ಜಮಾ. ಅಲ್ಲಿ ಹಣ ಕಡಿಮೆ ಬಿದ್ದರೆ ನಮ್ಮ ಸರ್ಕಾರವೇ ‘ಟೆಕ್ನಿಕಲ್ ಕ್ರೆಡಿಟ್’ ಅಂತ ಸಾಲ ಕೊಡುತ್ತಿತ್ತು. ಅಂದರೆ ಕಾಫಿಯೂ ನಮ್ಮದು, ಅದಕ್ಕೆ ಕೊಟ್ಟ ದುಡ್ಡೂ ನಮ್ಮದು! ನಮಗೆ ಉಳಿದದ್ದು ಲೆಕ್ಕದಲ್ಲಿ ಒಂದು ಬಾಕಿ.

ಆ ಬಾಕಿ ಹಿಡಿದುಕೊಂಡು ಜಪಾನಿನಿಂದ ಒಂದು ಸ್ಕ್ರೂ ತರುವ ಹಾಗಿರಲಿಲ್ಲ. ಮಾಸ್ಕೋದಲ್ಲೂ ಬೇಕಾದ್ದು ಸಿಗುತ್ತಿರಲಿಲ್ಲ. ಸರ್ಕಾರದ ಯೋಜನೆ ಮೇಲೆ ನಡೆಯುವ ದೇಶದಲ್ಲಿ ದುಡ್ಡಿದ್ದರೆ ಸಾಲದು, ಆ ಸರಕು ನಿಮಗೆ ಅಂತ ಪಟ್ಟಿಯಲ್ಲಿ ಬರೆದಿರಬೇಕು. ಅದಕ್ಕೇ ಎರಡೂ ಕಡೆ ಸರಿದೂಗಿಸುವುದೇ ಇಡೀ ವ್ಯಾಪಾರದ ಗುರಿಯಾಯಿತು.

ಇನ್ನು ದರದ ಕಥೆ. ರೂಬಲ್‌ಗೆ ಮಾರುಕಟ್ಟೆ ಬೆಲೆಯೇ ಇರಲಿಲ್ಲ. 1978ರ ಒಪ್ಪಂದದಲ್ಲಿ ಒಂದು ರೂಬಲ್‌ಗೆ 10 ರೂಪಾಯಿ ಅಂತ ಶುರು ಮಾಡಿದರು. ರೂಪಾಯಿ ಇಳಿದ ಹಾಗೆ ಅದು ಏರಿತು. ಸೋವಿಯತ್ ಒಕ್ಕೂಟ ಮುರಿದ ಮೇಲೆ ಮಾಸ್ಕೋದಲ್ಲಿ ರೂಬಲ್ ಕೆಲವು ಪೈಸೆಗೆ ಇಳಿದಿತ್ತು. ಆದರೂ 1993ರ ಜನವರಿಯಲ್ಲಿ ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ದೆಹಲಿಗೆ ಬಂದಾಗ, ನಾವು ಅವರಿಗೆ ತೀರಿಸಬೇಕಿದ್ದ ಹಳೇ ಸಾಲದ ದೊಡ್ಡ ಭಾಗಕ್ಕೆ ಹಿಡಿದ ಲೆಕ್ಕ ರೂಬಲ್‌ಗೆ ಸುಮಾರು 20 ರೂಪಾಯಿ. ಉಳಿದ ಭಾಗವನ್ನು ಬಡ್ಡಿಯಿಲ್ಲದೆ 45 ವರ್ಷಕ್ಕೆ ತಳ್ಳಿದರು.

ಹಾಗಂತ ಎಲ್ಲಾ ವ್ಯರ್ಥ ಅಂತಲ್ಲ. 1955ರಲ್ಲಿ ಸೋವಿಯತ್ ನೆರವಿನ ಭಿಲಾಯಿ ಉಕ್ಕಿನ ಕಾರ್ಖಾನೆ ಒಪ್ಪಂದದ ಹೊತ್ತಿಗೆ ನಮ್ಮ ಹತ್ತಿರ ಡಾಲರ್‌ಗೆ ಬರ. ಆಗ ಅದು ಸರಿಯಾದ ದಾರಿ. ಈಗ ನೋಡಿ: 2022ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ರೂಪಾಯಿ ವ್ಯಾಪಾರಕ್ಕೆ ದಾರಿ ಮಾಡಿತು. ರಷ್ಯಾ ಈಗ ಯೋಜನೆಯ ದೇಶವಲ್ಲ, ಆದರೂ ತೊಡಕು ಅದೇ. ನಾವು ಕೊಂಡ ತೈಲ ಜಾಸ್ತಿ, ಮಾರಿದ್ದು ಕಡಿಮೆ. ನಮ್ಮ ಬ್ಯಾಂಕುಗಳಲ್ಲಿ ರಷ್ಯಾದ ಕೋಟಿಗಟ್ಟಲೆ ರೂಪಾಯಿ ಸುಮ್ನೆ ಬಿದ್ದಿದೆ ಅಂತ 2023ರ ಮೇನಲ್ಲಿ ರಷ್ಯಾದ ವಿದೇಶಾಂಗ ಸಚಿವ ಲಾವ್ರೊವ್ ಗೋವಾದಲ್ಲೇ ಹೇಳಿದರು. ಸಣ್ಣ ರಫ್ತುದಾರರೇ, ಮಾಲು ಕಳಿಸುವ ಮುಂಚೆ ವೋಸ್ಟ್ರೋ ಖಾತೆಯಿಂದ (ವಿದೇಶಿ ಬ್ಯಾಂಕು ನಮ್ಮ ಬ್ಯಾಂಕಿನಲ್ಲಿ ಇಟ್ಟ ರೂಪಾಯಿ ಖಾತೆ) ಪಾವತಿ ಖಾತ್ರಿ ಅಂತ ಬ್ಯಾಂಕಿನಿಂದ ಬರಹದಲ್ಲಿ ತಗೊಳ್ಳಿ. ಒಂದೇ ದೇಶದ ಗಿರಾಕಿಯನ್ನು ನಂಬಿ ಸಾಲ ಮಾಡಬೇಡಿ.

ಪ್ರಶ್ನೆ: ಸೋವಿಯತ್ ಒಕ್ಕೂಟ ಪೆಪ್ಸಿಗೆ ದುಡ್ಡಿನ ಬದಲು ಯುದ್ಧನೌಕೆ ಕೊಟ್ಟು, ಆ ಕಂಪನಿ ಜಗತ್ತಿನ ಆರನೇ ದೊಡ್ಡ ನೌಕಾಪಡೆ ಆಗಿತ್ತಂತೆ?

ಉತ್ತರ: ಇಲ್ಲ. 1989ರಲ್ಲಿ ಸಿಕ್ಕಿದ್ದು ಗುಜರಿಗೆ ಹೋಗಬೇಕಿದ್ದ ಹಳೇ ಜಲಾಂತರ್ಗಾಮಿಗಳು ಮತ್ತು ಮೂರು ಹಡಗು.

ಪ್ರಶ್ನೆ: ಚೀನಾದ ಜೊತೆಗಿನ ವ್ಯಾಪಾರವೂ ಹೀಗೇ ಅಲ್ವಾ?

ಉತ್ತರ: ಅಲ್ಲ. ಅಲ್ಲಿನ ಕಂಪನಿ ನಿಮಗೆ ನೇರವಾಗಿ ಬೆಲೆ ಹೇಳಿ ಹೆಚ್ಚಾಗಿ ಡಾಲರ್‌ನಲ್ಲಿ ಬಿಲ್ ಕಳಿಸುತ್ತದೆ.

ಪ್ರಶ್ನೆ: ಹಳೇ ಸೋವಿಯತ್ ರೂಬಲ್ ನೋಟು ಬದಲಾಯಿಸಿ ಕೊಡುತ್ತೇವೆ, ಮೊದಲು ಕಮಿಷನ್ ಕೊಡಿ ಅನ್ನುತ್ತಿದ್ದಾರೆ.

ಉತ್ತರ: ಆ ನೋಟುಗಳನ್ನು ರಷ್ಯಾ 1993ರ ಜುಲೈನಲ್ಲೇ ಚಲಾವಣೆಯಿಂದ ತೆಗೆದಿದೆ. ನಿಮ್ಮನ್ನು ಮೋಸ ಮಾಡುತ್ತಿದ್ದಾರೆ. ಒಂದು ರೂಪಾಯಿಯೂ ಕೊಡಬೇಡಿ. ಕೊಟ್ಟಾಗಿದ್ದರೆ ಇವತ್ತೇ ಠಾಣೆಗೆ ಹೋಗಿ ದೂರು ಬರೆದುಕೊಡಿ.