ಆಪ್ತಸಲಹೆ ಪ್ರಕರಣ: 14 ಕೋರ್ಸಿಗೆ ಸೇರಿ ಒಂದನ್ನೂ ಮುಗಿಸದ ಹುಡುಗಿ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ವಯಸ್ಸು 23. ಹಾವೇರಿ ಕಡೆಯ ಹಳ್ಳಿ. ಪಿಯುಸಿವರೆಗೆ ಕನ್ನಡ ಮಾಧ್ಯಮ, ಬಿಕಾಂ ಮುಗಿದು ಎರಡು ವರ್ಷ. ಕೂತವಳೇ ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಮುಂದಿಟ್ಟಳು. "ನೋಡ್ರಿ ಮೇಡಂ, ನನಗ ತಲಿ ಇಲ್ಲ ಅನ್ನೋದು ನಿಮಗ ಗೊತ್ತಾಗ್ತದ."

ಪುಟ ತಿರುವಿದೆ. 'ಪೈಥಾನ್, ಮೊದಲ ವಾರ.' (ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಭಾಷೆ ಅದು.) ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ. ದುಂಡಗಿನ ಅಕ್ಷರದಲ್ಲಿ ಒಂದೂವರೆ ಪುಟ. ಆಮೇಲೆ ಆರು ಹಾಳೆ ಖಾಲಿ. 'ಎಕ್ಸೆಲ್, ಮೊದಲ ವಾರ.' ಮತ್ತೆ ಎರಡು ಗೆರೆ. ಹೀಗೆ 14 ಉಚಿತ ಆನ್‌ಲೈನ್ ಕೋರ್ಸ್. ಮುಂದೆ ಬರೆಯಲು ಬೇಕಾಗುತ್ತದೆ ಅಂತ ಪ್ರತಿ ಸಲವೂ ಹಾಳೆ ಬಿಟ್ಟಿದ್ದಳು. ನೋಡಿ ಸಂಕಟವಾಯಿತು.

ಓದುವುದು ಯಾವಾಗ ಅಂತ ಕೇಳಿದೆ. ಫೋನ್ ಅಣ್ಣನದು. ಕೈಗೆ ಸಿಗುವುದು ರಾತ್ರಿ 9ರ ನಂತರ, ಅವನು ಬಳಸಿ ಉಳಿದ ಡೇಟಾದಲ್ಲಿ. ಪಾಠವೆಲ್ಲ ವೇಗದ ಇಂಗ್ಲಿಷ್.

ಮೊದಲು ಒಂದು ಲೆಕ್ಕ ಹೇಳಿದೆ. 2012-13ರಲ್ಲಿ ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ವಿಶ್ವವಿದ್ಯಾಲಯಗಳು ಇಂಥದ್ದೇ 17 ಆನ್‌ಲೈನ್ ಕೋರ್ಸ್ ತೆರೆದಾಗ ಬಂದ ನೋಂದಣಿ 8,41,687. ಪ್ರಮಾಣಪತ್ರ ಸಿಕ್ಕಿದ್ದು 43,196. ನೂರಕ್ಕೆ ಐದು! ಮೂರರಲ್ಲಿ ಒಂದು ಪಾಲು ಜನ ಒಳಗೆ ಇಣುಕಲೂ ಇಲ್ಲ. "ಅವರೆಲ್ಲ ದಡ್ಡರಾ? ಹೇಳಮ್ಮ."

ಈ ಕೋರ್ಸುಗಳ ಮೇಲೆ ನನಗೆ ತುಂಬಾ ನಂಬಿಕೆಯಿದೆ. ಐಐಟಿ ಮೇಷ್ಟ್ರ ಪಾಠ ಹಳ್ಳಿಮನೆಯ ಅಡುಗೆಕೋಣೆವರೆಗೆ ಬಂದದ್ದು ಸಣ್ಣ ವಿಷಯವಲ್ಲ. ಆದರೆ ಬಂದದ್ದು ಪಾಠ ಮಾತ್ರ. ಹಾಜರಿ ಕೂಗುವವರು, ಪಕ್ಕದ ಬೆಂಚಿನ ಗೆಳತಿ ಬರಲಿಲ್ಲ. ಅವರನ್ನು ನಾವೇ ಹುಡುಕಿಕೊಳ್ಳಬೇಕು, ಅಲ್ವಾ?

ಹಾಗಾಗಿ 13 ಕೋರ್ಸ್ ಸದ್ಯಕ್ಕೆ ಬಿಡು ಅಂದೆ. ಐಐಟಿಗಳು ಸೇರಿ ನಡೆಸುವ ಆನ್‌ಲೈನ್ ಪಾಠದ ತಾಣ ಎನ್‌ಪಿಟೆಲ್‌ನ 12 ವಾರದ ಪೈಥಾನ್ ಒಂದನ್ನೇ ಇಟ್ಟುಕೊಂಡೆವು. ಸೇರಲು ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ವಾರವಾರ ಅಸೈನ್‌ಮೆಂಟ್‌ಗೆ ಕೊನೇ ದಿನ ಇರುತ್ತದೆ, ಪರೀಕ್ಷೆ ಕೇಂದ್ರಕ್ಕೇ ಹೋಗಿ ಬರೆಯಬೇಕು. ಈ ಒತ್ತಡ ಅವಳಿಗೆ ಬೇಕಿತ್ತು. ಚಿಕ್ಕಪ್ಪನ ಮಗಳನ್ನೂ ಸೇರಿಸು, ವಾರದ ವಿಡಿಯೋಗಳನ್ನು ಭಾನುವಾರ ಡೌನ್‌ಲೋಡ್ ಮಾಡಿಟ್ಟುಕೋ, ಬೆಳಿಗ್ಗೆ 6ರಿಂದ 7 ಫೋನ್ ನನಗೆ ಅಂತ ಅಣ್ಣನ ಹತ್ತಿರ ಬಾಯಿಬಿಟ್ಟು ಕೇಳು ಅಂದೆ. ಕೇಳುವುದೇ ಅವಳಿಗೆ ಕಷ್ಟವಾಗಿತ್ತು. ಇಲ್ಲೇ ಎರಡು ಸಲ ಹೇಳಿಸಿ ಅಭ್ಯಾಸ ಮಾಡಿಸಿದೆ.

ಆರು ವಾರ ಬಿಟ್ಟು ಬಂದಳು, ಮುಖ ಬಾಡಿತ್ತು. ಮನೆಯಲ್ಲಿ ಮದುವೆ, ನಾಲ್ಕನೇ ವಾರದ ಅಸೈನ್‌ಮೆಂಟ್ ತಪ್ಪಿಹೋಗಿತ್ತು. "ಮತ್ತ ಅದೇ ಆತ್ರಿ."

ಹನ್ನೆರಡರಲ್ಲಿ ಒಳ್ಳೆ ಅಂಕ ಬಂದ ಎಂಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ ಅಂತ ತೋರಿಸಿದೆ. ಎರಡು ಸಲ ಓದಿದಳು. ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು ನನ್ನ ಮೇಜಿನ ಮೇಲೇ 'ಐದನೇ ವಾರ' ಅಂತ ಬರೆದು ಎರಡು ಗೆರೆ ಎಳೆದಳು.