ಆರ್‌ಒ ವಾಟರ್ ಫಿಲ್ಟರ್ ನಿಂತರೂ ವೇಸ್ಟ್ ನೀರು ನಿಲ್ಲುತ್ತಿಲ್ಲ

ಬಹುತೇಕ ಎಸ್‌ವಿ, ಅಂದರೆ ಸೊಲೆನಾಯ್ಡ್ ವಾಲ್ವ್ (ಕರೆಂಟ್ ಬಂದಾಗ ತೆರೆದು, ಹೋದಾಗ ಮುಚ್ಚಿ ನೀರು ತಡೆಯುವ ವಾಲ್ವ್), ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ. ಟ್ಯಾಂಕ್ ತುಂಬಿ ಪಂಪ್ ನಿಂತ ಮೇಲೂ ನಿಮ್ಮ ವೇಸ್ಟ್ ಪೈಪಿನಲ್ಲಿ ನೀರು ಹೋಗುತ್ತಿರುವುದು ಅದಕ್ಕೇ. ಒಳಗಿನ ರಬ್ಬರ್ ಮೇಲೆ ಒಂದು ಮರಳಿನ ಕಣ ಕೂತರೂ ಸಾಕು.

ಖಾತ್ರಿಗೆ ಪ್ಲಗ್ ಕಿತ್ತು, ಫಿಲ್ಟರಿಗೆ ನೀರು ಬರುವ ನಲ್ಲಿಯನ್ನು ತೆರೆದೇ ಇಟ್ಟು 10 ನಿಮಿಷ ನೋಡಿ. ಆಗಲೂ ಹರಿದರೆ ಎಸ್‌ವಿಯೇ. ನಿಂತರೆ ಫ್ಲೋಟ್ ಸ್ವಿಚ್ (ಟ್ಯಾಂಕ್ ತುಂಬಿದಾಗ ಕರೆಂಟ್ ನಿಲ್ಲಿಸುವ ಸ್ವಿಚ್) ಅಥವಾ ವೈರಿಂಗ್ ಮೇಲೆ ಅನುಮಾನ.

ತೊಳೆದರೆ ಕೆಲವೊಮ್ಮೆ ಸರಿಹೋಗುತ್ತದೆ, ಆದರೆ ಹೊಸದು ಹಾಕುವುದೇ ಒಳ್ಳೆಯದು. ನಲ್ಲಿ ಬಂದ್ ಮಾಡಿ ಬಿಚ್ಚಿ, ಹಳೆಯದರ ಮೇಲೆ ಬರೆದಿರುವ ವೋಲ್ಟೇಜಿನದೇ ತನ್ನಿ (ಸಾಮಾನ್ಯವಾಗಿ 24 ವೋಲ್ಟ್ ಡಿಸಿ). ಬಾಣದ ಗುರುತು ನೀರು ಹರಿಯುವ ದಿಕ್ಕಿಗೇ ಇರಲಿ. ಮರಳು, ಕೆಸರು ತಡೆಯುವ ಹೊರಗಿನ ಪ್ರೀ-ಫಿಲ್ಟರ್ ಕ್ಯಾಂಡಲ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ವಾಲ್ವಿಗೂ ಇದೇ ಗತಿ.