ಪೀಝೋ ಸಿಗ್ನಲ್ ಸೋರಿದ್ದೆಲ್ಲಿ?

ಪ್ರಶ್ನೆ: ರಬ್ಬರ್ ಶೀಟಿನ ಕೆಳಗೆ 27 ಮಿ.ಮೀ. ಪೀಝೋ ಡಿಸ್ಕ್ ಅಂಟಿಸಿ ಡ್ರಮ್ ಪ್ಯಾಡ್ ಮಾಡಿದ್ದೇನೆ. ಡಿಸ್ಕಿಗೆ ಅಡ್ಡಲಾಗಿ 10 ಕಿಲೋ ಓಮ್ ರೆಸಿಸ್ಟರ್ ಇದೆ, ಸಿಗ್ನಲ್ ಆರ್ಡುಯಿನೊ ಉನೊಗೆ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್) ಹೋಗುತ್ತದೆ. ಜೋರಾಗಿ ಹೊಡೆದರೆ ಸದ್ದು, ಮೆಲ್ಲಗೆ ತಟ್ಟಿದರೆ ಏನೂ ಇಲ್ಲ. ಎಲ್‌ಎಂ 386 ಆಂಪ್ಲಿಫೈಯರ್ ಬೋರ್ಡ್ ಹಾಕಿದರೆ 200 ಪಟ್ಟು ಏರುತ್ತದಂತೆ. ಹಾಕಲೇ?
– ಓದುಗರೊಬ್ಬರು, ಬೆಟಗೇರಿ, ಗದಗ

ಉತ್ತರ: ಬ್ಯಾಡ್ರಿ. ಅದು ಸಣ್ಣ ಸ್ಪೀಕರ್ ನುಡಿಸೋ ಐಸಿ. ಅದರ ಇನ್‌ಪುಟ್ಟೇ 50 ಕಿಲೋ ಓಮ್ ಆಸುಪಾಸು, ಸಿಗ್ನಲ್ ಅಲ್ಲೂ ಸೋರತದ.

ಪೀಝೋ ಅಂದರೆ ಪೆಟ್ಟು ಬಿದ್ದಾಗ ಚೂರು ಚಾರ್ಜ್ ಕೊಡುವ ಕೆಪಾಸಿಟರ್. ನಿಮ್ಮ ಡಿಸ್ಕಿನದು ಸುಮಾರು 20 ನ್ಯಾನೋಫ್ಯಾರಡ್. ಅದಕ್ಕೆ 10 ಕಿಲೋ ಕಟ್ಟಿದರೆ 800 ಹರ್ಟ್ಸ್‌ಗಿಂತ ಕೆಳಗಿನದು ಇಳಿಯುತ್ತಾ ಹೋಗುತ್ತದೆ. ರಬ್ಬರಿನ ಮೇಲೆ ಮೆಲ್ಲಗೆ ತಟ್ಟಿದ್ದರ ಜೀವವೆಲ್ಲ ಅಲ್ಲೇ. ಅದನ್ನು ತೆಗೆದು 1 ಮೆಗಾ ಓಮ್ ಹಾಕಿ, ಆ ಗಡಿ 8 ಹರ್ಟ್ಸ್‌ಗೆ ಬರುತ್ತದೆ. ಅಂಗಡಿಯಲ್ಲಿ ಮೂರನೇ ಪಟ್ಟೆ ನೋಡಿ ತಗೊಳ್ರಿ: ಕಂದು, ಕಪ್ಪು ಆದ ಮೇಲೆ ಹಸಿರು ಇರಬೇಕು. ಕಿತ್ತಳೆ ಇದ್ದರೆ ಮತ್ತೆ ಅದೇ 10 ಕಿಲೋ.

ಈಗ ಉಲ್ಟಾ ತೊಂದರೆ. ಕಟ್ಟಿಗೆ ಕೋಲಿನಿಂದ ಬಲವಾಗಿ ಬಡಿದರೆ ಹತ್ತಾರು ವೋಲ್ಟ್ ಬರಬಹುದು, ಉನೊ ಪಿನ್ ತಡೆಯೋದು 5. ಡಿಸ್ಕಿನಿಂದ ಪಿನ್ನಿಗೆ ಹೋಗುವ ವೈರಿನಲ್ಲಿ 10 ಕಿಲೋ (ಹಳೆಯದು ಇಲ್ಲಿ ಉಪಯೋಗಕ್ಕೆ ಬಂತು), ಆಮೇಲೆ ಪಿನ್ನಿಂದ ಗ್ರೌಂಡಿಗೆ 5.1 ವೋಲ್ಟ್ ಝೀನರ್ (ಅದಕ್ಕಿಂತ ಹೆಚ್ಚಾದದ್ದನ್ನು ಗ್ರೌಂಡಿಗೆ ಹರಿಸುವ ಡಯೋಡ್), ಪಟ್ಟೆ ಇರುವ ಬದಿ ಪಿನ್ನಿನ ಕಡೆ.

ಆಂಪ್ಲಿಫೈಯರ್ ಮಾತಿಗೆ ಮುಂಚೆ ಪ್ರೋಗ್ರಾಂ ನೋಡ್ರಿ. ಆರ್ಡುಯಿನೊ ಜೊತೆ ಬರುವ ‘ನಾಕ್’ ಉದಾಹರಣೆಯನ್ನೇ ಇಳಿಸಿಕೊಂಡಿದ್ದರೆ ಅದರಲ್ಲಿ ಮಿತಿ 100. ಉನೊ ಓದುವ ಅಂಕಿಯ ಒಂದು ಹೆಜ್ಜೆ 4.9 ಮಿಲಿವೋಲ್ಟ್, ಅಂದರೆ ಅರ್ಧ ವೋಲ್ಟಿಗಿಂತ ಕಡಿಮೆ ಬಂದದ್ದನ್ನು ಅದು ಲೆಕ್ಕಕ್ಕೇ ಹಿಡಿಯೋದಿಲ್ಲ. 20ಕ್ಕೆ ಇಳಿಸಿ, ಸೀರಿಯಲ್ ಮಾನಿಟರ್ ತೆರೆದು ಬೆರಳಿನಿಂದ ತಟ್ಟಿ ಅಂಕಿ ನೋಡಿ.

ಇಷ್ಟಾದರೂ ಸಾಲದಿದ್ದರೆ ಸಿಗ್ನಲ್ ಏರಿಸುವ ಐಸಿ, ಅಂದರೆ ಆಪ್‌ಆಂಪ್. ಎಂಸಿಪಿ 6002 ಇರಲಿ. ಎಲ್‌ಎಂ 358 ಅನ್ನು 5 ವೋಲ್ಟಿನಲ್ಲಿ ಓಡಿಸಿದರೆ ಔಟ್‌ಪುಟ್ 3.5ರ ಸುಮಾರಿಗೇ ನಿಂತುಬಿಡುತ್ತದೆ. ನಾನ್-ಇನ್ವರ್ಟಿಂಗ್ ಆಗಿ ಕಟ್ಟಿ, ಫೀಡ್‌ಬ್ಯಾಕಿಗೆ 22 ಕಿಲೋ, ಗ್ರೌಂಡಿಗೆ 10 ಕಿಲೋ: 3.2 ಪಟ್ಟು. ಝೀನರ್ ಆಗ ಆಪ್‌ಆಂಪಿನ ಇನ್‌ಪುಟ್ಟಿಗೆ ಸರಿಯಬೇಕು. ಇದಕ್ಕಿಂತ ಏರಿಸಬೇಡಿ. ಮಧ್ಯಮ ಪೆಟ್ಟೂ ಜೋರು ಪೆಟ್ಟೂ ಒಂದೇ ಅಂಕಿಗೆ ಹೋಗಿ ಬಡಿದರೆ ನುಡಿಸೋರ ಕೈಗೆ ಬೆಲೆ ಏನು ಉಳೀತು?

ಪ್ರಶ್ನೆ: ಜಗ್ಗಲಿಗೆಗೆ (ಬಂಡಿ ಗಾಲಿಯ ಕಬ್ಬಿಣದ ಪಟ್ಟಿಗೆ ತೊಗಲು ಬಿಗಿದ ವಾದ್ಯ) ಪೀಝೋ ಅಂಟಿಸಿದೆ. ಒಂದು ಏಟಿಗೆ ಮೂರು ಸಲ ಸದ್ದು ಬರುತ್ತದೆ.
– ಓದುಗರೊಬ್ಬರು, ಬ್ಯಾಹಟ್ಟಿ

ಉತ್ತರ: ತೊಗಲು ಇನ್ನೂ ಅದುರುತ್ತಿರುತ್ತದೆ, ಪ್ರೋಗ್ರಾಂ ಅದನ್ನು ಹೊಸ ಏಟು ಅಂದುಕೊಳ್ಳುತ್ತದೆ. ಮೊದಲ ಏಟಿನ ನಂತರ 2 ಮಿಲಿಸೆಕೆಂಡ್ ಗರಿಷ್ಠ ಅಂಕಿ ಹುಡುಕಲಿ, ಆಮೇಲೆ 50 ಮಿಲಿಸೆಕೆಂಡ್ ಕಿವಿ ಮುಚ್ಚಲಿ. ಸೆಕೆಂಡಿಗೆ 20ರ ಹತ್ತಿರ ಏಟು ಆಗಲೂ ಹಿಡಿಯುತ್ತದೆ. ಹೋಳಿಯ ಉಮೇದಿಗೂ ಸಾಕು. ಡಿಸ್ಕನ್ನು ತೊಗಲಿನ ನಡುವೆ ಇಟ್ಟಿದ್ದರೆ ಕಿತ್ತು, ಗಾಲಿಯ ಕಬ್ಬಿಣದ ಪಟ್ಟಿಗೆ ಒಳಗಿನಿಂದ ಎರಡು ಬದಿಯ ಫೋಮ್ ಟೇಪಿನಲ್ಲಿ ಅಂಟಿಸಿ. ಡಿಸ್ಕಿನ ಬೆಸುಗೆ ಬೇಗ ಕಿತ್ತು ಬರುತ್ತದೆ, ವೈರನ್ನೂ ಅಲ್ಲೇ ಪಕ್ಕದಲ್ಲಿ ಟೇಪಿನಿಂದ ಬಿಗಿಯಿರಿ.